ಉಡಿ ತುಂಬತಕ್ಕದ್ದು

ಆಷಾಢ ಮುಗಿಯುತ್ತ ಬಂತೆಂದರೆ ನನಗೆ ಈಗೀಗ ಫೋನು ಎತ್ತಲೂ ಬೇಸರ. ಮುಂದೆ ಶ್ರಾವಣ, ಅದರ ಬೆನ್ನಿಗೇ ಪಂಚಮಿ. ನಮ್ಮ ವಿಜಯಪುರದ ಕಡೆ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ತವರು. ವರ್ಷವೆಲ್ಲ ಗಂಡನ ಮನೆಯಲ್ಲಿ ದುಡಿದವರು ಆ ಹಬ್ಬಕ್ಕೆ ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆಂದು ಬಾಗಿಲು ಕಾಯುತ್ತಾರೆ. ವಕೀಲಿ ಮಾಡುವ ನನ್ನಂಥವಳಿಗೆ ಅದು ಜಗಳದ ಸುಗ್ಗಿ. ಯಾರ ತಮ್ಮ ಬರಲೇ ಇಲ್ಲ, ಯಾರ ಅಣ್ಣ ಬಂದು ಸಹಿ ಕೇಳಿದ, ಯಾರ ವೈನಿ, ಅಂದರೆ ಅಣ್ಣನ ಹೆಂಡತಿ, ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು, ಇದೆಲ್ಲ ಹಬ್ಬ ಮುಗಿದ ವಾರದಲ್ಲಿ ನನ್ನ ಆಫೀಸಿನ ಬೆಂಚಿಗೆ ಬಂದು ಕೂರುತ್ತದೆ.

ನನ್ನ ಸ್ವಂತ ತಮ್ಮ ಹುಬ್ಬಳ್ಳಿಯಲ್ಲಿದ್ದಾನೆ. ಅವನ ಪಂಚಮಿ ಫೋನಿಗೆ ಬರುವ ನಾಗಪ್ಪನ ಚಿತ್ರದಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ನಾನೂ ಕೈಮುಗಿದ ಚಿತ್ರವೊಂದನ್ನು ಕಳಿಸಿ ಕೈತೊಳೆದುಕೊಳ್ಳುತ್ತೇನೆ. ದೂರುತ್ತಿಲ್ಲ, ಇಬ್ಬರಿಗೂ ಅದೇ ಅನುಕೂಲ.

ಜಲನಗರದ ಮನೆಯಿಂದ ಕೋರ್ಟಿಗೆ ಸ್ಕೂಟಿಯಲ್ಲಿ ಹೋಗಿ ಬರುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ನನ್ನವು ಹೆಚ್ಚಾಗಿ ಸಿವಿಲ್ ದಾವೆಗಳು. ಹೊಲದ ಪಾಲು, ಹೊಲದ ಗಡಿಯ ಬಾಂದಿನ ಜಗಳ, ಹೊಲಕ್ಕೆ ಹೋಗುವ ದಾರಿಯ ಜಗಳ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರಲ್ಲ, ಹೊಸದರಲ್ಲಿ ಆ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಈಗ ಯಾರಾದರೂ ಅಂದರೆ, ಹೌದ್ರಿ ಅಂದು ಮುಂದಿನ ತಾರೀಖು ಬರೆದುಕೊಡುತ್ತೇನೆ.

ಆ ಹೆಣ್ಣುಮಗಳು ಬಂದದ್ದು ಟಿಕೋಟಾದಿಂದ. ವಯಸ್ಸು ಐವತ್ತರ ಹತ್ತಿರ. ಗಂಡನದು ದ್ರಾಕ್ಷಿ ತೋಟ. ಕತ್ತರಿ ಹಿಡಿದು ಹಿಡಿದು ಅವಳ ಹೆಬ್ಬೆರಳ ಬುಡದಲ್ಲಿ ಚರ್ಮ ಗಟ್ಟಿಯಾಗಿ ಕಪ್ಪಾಗಿತ್ತು. ತವರು ಬಬಲೇಶ್ವರದ ಕಡೆಯ ಕಾಖಂಡಕಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಒಬ್ಬನೇ ತಮ್ಮನನ್ನು ಕಂಕುಳಲ್ಲಿ ಹೊತ್ತು ದೊಡ್ಡವನನ್ನಾಗಿ ಮಾಡಿದವಳು ಇವಳೇ. ಮದುವೆಯಾಗಿ ಬಂದ ಮೇಲೆ ಒಂದು ಪಂಚಮಿಯೂ ಅವನು ಕರೆಯಲು ಬರುವುದನ್ನು ತಪ್ಪಿಸಿರಲಿಲ್ಲ.

ತಂದೆ ತೀರಿಕೊಂಡ ಮೇಲಿನ ಮೊದಲ ಪಂಚಮಿಗೂ ಬಂದ, ಕರೆದುಕೊಂಡು ಹೋದ. ತಮ್ಮನ ಹೆಂಡತಿ ಉಡಿ ತುಂಬಿದಳು. ಉಡಿ ತುಂಬುವುದೆಂದರೆ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಕುಬಸ ಹೊಲಿಸುವ ಬಟ್ಟೆಯ ಕಣ ಹಾಕಿ ಹರಸಿ ಕಳಿಸುವುದು. ಅವರ ಮನೆಯಲ್ಲಿ ಇನ್ನೊಂದು ರೂಢಿ. ತುಂಬಿದ ಉಡಿಯಿಂದ ಮಗಳು ಒಂದಿಷ್ಟು ಕಾಳು ತೆಗೆದು ಹೊಸ್ತಿಲ ಒಳಗೆ ಹಿಂದಕ್ಕೆ ಹಾಕಬೇಕು, ನನ್ನಪ್ಪನ ಮನೆ ಬರಿದಾಗದಿರಲಿ ಎಂದು. ಇವಳು ಕಾಳು ಹಾಕಿ ಏಳುವಷ್ಟರಲ್ಲಿ ತಮ್ಮ ಒಂದು ಕಾಗದ ಮುಂದೆ ಹಿಡಿದ. ಅಪ್ಪನ ಹೊಲದ ಮೇಲಿನ ಹಕ್ಕು ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿದ ಕಾಗದ. ಇವಳು ಸಹಿ ಮಾಡಲಿಲ್ಲ. ಮುಂದಿನ ಪಂಚಮಿಗೆ ಅವನು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ.

“ನಂಗ ಹೊಲ ಬ್ಯಾಡಾಗಿತ್ತರಿ ಅಕ್ಕಾರ,” ಅಂದಳು ನನ್ನ ಮುಂದೆ ಕುಳಿತು. “ಒಂದ್ ಮಾತ ಮೊದ್ಲ ಕೇಳಿದ್ರ ಬರದ ಕೊಡತಿದ್ದೆ. ಉಡ್ಯಾಗ ಅಕ್ಕಿ ಇಟಗೊಂಡ ನಿಂತಾಕಿಗೆ ಪೆನ್ ಕೊಟ್ಟ ನೋಡ್ರಿ, ಆವಾಗ ಹೊಲನೂ ಬೇಕು ಅನಸ್ತು.”

ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂದು ಇವಳನ್ನು ಗೇಲಿ ಮಾಡುವವರಿಗೆ ಕೊರತೆಯಿರಲಿಲ್ಲ. ನನಗೆ ಮಾತ್ರ ಅವಳ ಮಾತು ಸ್ಪಷ್ಟವಾಗಿತ್ತು. ಅವಳಿಗೆ ಬೇಕಾಗಿದ್ದದ್ದು ಸಹಿಯ ಆಸೆಯಿಲ್ಲದೆ ಕರೆಯಲು ಬರುವ ತಮ್ಮ. ಅದನ್ನು ಕೇಳಿಕೊಂಡು ಯಾವ ಕೋರ್ಟಿಗೂ ಅರ್ಜಿ ಹಾಕಲು ಬರುವುದಿಲ್ಲ. ಹಾಗಾಗಿ ಹೊಲದ ಪಾಲು ಕೇಳಿ ದಾವೆ ಹಾಕಿದೆ. ಹಾಕುವಾಗ ಎಲ್ಲ ವಕೀಲರೂ ಹೇಳುವ ಮಾತನ್ನೇ ನಾನೂ ಹೇಳಿದೆ, ಇನ್ನು ಮುಂದೆ ನನ್ನನ್ನು ಕೇಳದೆ ಅವನ ಜೊತೆ ಒಂದು ಮಾತಾಡಬೇಡ, ಒಂದು ಹೆಜ್ಜೆ ಇಡಬೇಡ ಅಂತ. ಆಚೆ ಕಡೆಯ ವಕೀಲರು ಅವನಿಗೂ ಇದನ್ನೇ ಹೇಳಿರುತ್ತಾರೆ. ಕಕ್ಷಿದಾರರು ದೇವರ ಮಾತು ಮರೆತಾರು, ಇದನ್ನು ಮರೆಯುವುದಿಲ್ಲ.

ಆಚೆ ಕಡೆಯ ವಕೀಲರು ನಮ್ಮಲ್ಲಿ ಹಿರಿಯರು. ನಾನು ಅವರನ್ನು ಕಾಕಾ ಎಂದೇ ಕರೆಯುವುದು. ಕೋರ್ಟಿನೊಳಗೆ ನನ್ನ ಕಕ್ಷಿದಾರರ ಮರ್ಯಾದೆ ತೆಗೆದು, ಹೊರಗೆ ಬಂದು ಚಹಾ ಕುಡಿಸುವ ಮನುಷ್ಯ. ನನ್ನ ದಾವೆಯಲ್ಲಿ ತಮ್ಮ ದುರಾಸೆಯವನು, ಮೋಸಗಾರ ಎಂದಿತ್ತು. ಅವರ ಜವಾಬಿನಲ್ಲಿ ಅಕ್ಕ ಸ್ವಂತ ಇಚ್ಛೆಯಿಂದ ತವರಿನ ಸಂಬಂಧವನ್ನು ಕಡಿದುಕೊಂಡವಳು ಎಂದಿತ್ತು. ಇಂಥ ವಾಕ್ಯಗಳು ನಮ್ಮ ಕಂಪ್ಯೂಟರಿನಲ್ಲಿ ಸಿದ್ಧವಾಗಿಯೇ ಇರುತ್ತವೆ. ಹೆಸರು, ಊರು ಬದಲಿಸಿದರೆ ಆಯಿತು.

ನ್ಯಾಯಾಧೀಶರು ಕಡತ ತಿರುವಿ, ಅಕ್ಕತಮ್ಮಂದಿರ ಮುಖ ನೋಡಿ, ಮೊದಲು ಮಧ್ಯಸ್ಥಿಕೆಗೆ ಹೋಗಿ ಬನ್ನಿ ಅಂದರು. ಮಧ್ಯಸ್ಥಿಕೆ ಕೇಂದ್ರ ಅಂದರೆ ಅದೇ ಆವರಣದ ಒಂದು ಕೋಣೆ. ದುಂಡು ಮೇಜು, ಪ್ಲಾಸ್ಟಿಕ್ ಕುರ್ಚಿ, ಗಡಗಡ ಅನ್ನುವ ಫ್ಯಾನು. ಎತ್ತರದ ಪೀಠವಿಲ್ಲ, ಕೂಗುವ ಜವಾನನಿಲ್ಲ. ಮಧ್ಯಸ್ಥಿಕೆಗೆ ಕೂರುವವರೂ ವಕೀಲರೇ, ಅದಕ್ಕೆಂದು ತರಬೇತಿ ಪಡೆದವರು. ನಮ್ಮ ಪಾಲಿಗೆ ಬಂದವರು ಮೆಲುದನಿಯ ಮನುಷ್ಯ. ಕುಳಿತ ಕೂಡಲೇ ಹೇಳಿದರು, ಇಲ್ಲಿ ಮಾತಾಡಬೇಕಾದವರು ಕಕ್ಷಿದಾರರು, ವಕೀಲರು ತುಸು ಕೇಳಿಸಿಕೊಳ್ಳಬೇಕು ಅಂತ. ಕಾಕಾ ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ನಮ್ಮಿಬ್ಬರಿಗೆ ಬಾಯಿ ಮುಚ್ಚಿ ಕೂರುವುದೆಂದರೆ ಎತ್ತಿನ ಮುಂದೆ ಮೇವಿಟ್ಟು ಬಾಯಿಗೆ ಬಲೆ ಕಟ್ಟಿದ ಹಾಗೆ.

ಸುಳ್ಳು ಯಾಕೆ ಹೇಳಲಿ, ಮಧ್ಯಸ್ಥಿಕೆಯೆಂದರೆ ಆಗ ನಮ್ಮಂಥವರಿಗೆ ಒಳಗೊಳಗೇ ತಾತ್ಸಾರ. ಕೋರ್ಟಿನ ಮುಂದೆ ವಾದ ಮಾಡುವುದು ಗಂಡಸುತನ, ರಾಜಿ ಮಾಡಿಸುವುದು ಹಳ್ಳಿಯ ಕಟ್ಟೆಯ ಕೆಲಸ ಎಂದು ಮಾತಾಡಿಕೊಂಡವರು ನಾವು. ನಾನು ಹೆಣ್ಣಾಗಿ ಆ ಮಾತಿಗೆ ತಲೆಯಾಡಿಸಿದ್ದೆನಲ್ಲ, ಅದನ್ನು ನೆನೆದರೆ ಈಗ ನಗು ಬರುತ್ತದೆ.

ಮೊದಲ ದಿನ ತಮ್ಮ ತಲೆ ಎತ್ತಲಿಲ್ಲ. ಸೊರಗಿದ ಮುಖ, ಅಂಗಿಯ ಜೇಬಿನಲ್ಲಿ ಮಡಚಿದ ಬಸ್ ಟಿಕೆಟು. ಅವನಿಗೂ ಸಾಕಾಗಿದ್ದು ನೋಡಿದರೇ ತಿಳಿಯುತ್ತಿತ್ತು. ಬೆಳಗಿನ ಬಸ್ಸು ಹಿಡಿದು ಬಂದು, ತಾರೀಖು ತೆಗೆದುಕೊಂಡು, ಸಂಜೆಗೆ ಬರಿಗೈಯಲ್ಲಿ ಹೋಗುವುದು ಅಭ್ಯಾಸವಾಗಿಬಿಟ್ಟಿತ್ತು. ಮಧ್ಯಸ್ಥಿಕೆಯವರು ನಿಧಾನಕ್ಕೆ ಊರಿನ ಸುದ್ದಿ, ಮಳೆಯ ಸುದ್ದಿ ಎತ್ತಿದರು. ಇವಳು ಮಾತ್ರ ಅವನ ಜವಾಬಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ಯಾರೋ ಓದಿ ಹೇಳಿದ್ದ ಆ ಸಾಲಿನ ಮೇಲೆ ಬೆರಳಿಟ್ಟು ನೇರವಾಗಿ ಅವನನ್ನೇ ಕೇಳಿದಳು.

“ನಾ ಯಾವಾಗ ತವರ ಕಡಕೊಂಡೆ, ತಮ್ಮಾ?”

ಅವನು ಕಾಗದ ನೋಡಿದ, ಅಕ್ಕನನ್ನು ನೋಡಿದ, ಆಮೇಲೆ ಕಾಕಾರ ಕಡೆ ಬೊಟ್ಟು ಮಾಡಿದ. “ಅದನ್ನ ನಾ ಬರಸಿಲ್ಲ ಬೇ ಅಕ್ಕಾ. ಇವ್ರ ಬರದಾರ.”

ಕಾಕಾ ಕೆಮ್ಮಿದರು. ನಾನು ನೀರಿನ ಲೋಟ ಎತ್ತಿದೆ. ಇವಳು ನನ್ನತ್ತ ತಿರುಗಿ, ಮೋಸಗಾರ ಅಂತ ನೀವು ಬರೆದಿರೇನು ಅಂತ ಕೇಳಿಬಿಟ್ಟರೆ ಏನು ಹೇಳಲಿ ಎಂದು ಲೋಟದ ಮೇಲಿಂದ ಅವಳನ್ನೇ ನೋಡಿದೆ. ಕೇಳಲಿಲ್ಲ. ಇಬ್ಬರೂ ನಮ್ಮನ್ನು ಬಿಟ್ಟು ತಮ್ಮತಮ್ಮಲ್ಲೇ ಮಾತಾಡತೊಡಗಿದರು. ಅಪ್ಪನ ಕಡೆಯ ದಿನಗಳು, ಆಸ್ಪತ್ರೆಗೆ ಯಾರು ಓಡಾಡಿದರು, ಯಾರು ಓಡಾಡಲಿಲ್ಲ. ಜಗಳವೇ ಆಡಿದರು, ಆದರೆ ಎಷ್ಟೋ ಕಾಲದ ಮೇಲೆ ತಮ್ಮ ಬಾಯಿಂದ ತಾವೇ ಆಡಿದ ಜಗಳ.

ಎರಡು ಮೂರು ಬಾರಿ ಹೀಗೆ ಕೂತ ಮೇಲೆ ಮಧ್ಯಸ್ಥಿಕೆಯವರು ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದರು. ಇವಳ ಜೊತೆ ನಾನಿದ್ದೆ. ನಿಮಗೆ ಏನಾದರೆ ಸಮಾಧಾನ ಎಂದು ಕೇಳಿದರು. ಇವಳು ಸೆರಗಿನ ಅಂಚು ತಿರುವುತ್ತ ಕುಳಿತಳು. ಬಾವಿಯ ಆಚೆಗಿನ ಒಂದು ಪಟ್ಟಿ ಹೊಲ ತನ್ನ ಹೆಸರಿಗಾಗಲಿ, ಉಳಿದದ್ದೆಲ್ಲ ಅವನಿಗೇ ಇರಲಿ, ತನ್ನ ಪಟ್ಟಿಯನ್ನೂ ಬೇಕಾದರೆ ಅವನೇ ಬೆಳೆಯ ಪಾಲಿಗೆ ಉತ್ತುಕೊಳ್ಳಲಿ ಎಂದಳು. ಅಷ್ಟೇನಾ ಎಂದು ಅವರು ಕೇಳಿದರು. ಆಗ ಅವಳ ಕಣ್ಣು ತುಂಬಿತು.

“ಪಂಚಮಿಗೆ ಕರ್ಯಾಕ ಬರಬೇಕ್ರಿ ಅವ. ಓಣಿ ಮಂದಿ ನೋಡುವಂಗ ಬರಬೇಕು.”

ಆಮೇಲೆ ಒಳಗೆ ಕರೆಸಿಕೊಂಡಾಗ ತಮ್ಮ ಇದನ್ನು ಕೇಳಿ ಸುಮ್ಮನೆ ತಲೆಯಾಡಿಸಿದನಂತೆ, ಬರತೇನಿ ಬಿಡ್ರಿ ಅಂದನಂತೆ. ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಎಳೆಯಬಹುದಾಗಿದ್ದ ದಾವೆ ಆ ಗಡಗಡ ಫ್ಯಾನಿನ ಕೆಳಗೆ ಮುಗಿದುಹೋಗಿತ್ತು. ಬರೆಯುವುದೊಂದು ಬಾಕಿ. ಬರೆಯುವುದು ಯಾರ ಕೆಲಸ? ವಕೀಲರದು.

ನಾನೂ ಕಾಕಾರೂ ರಾಜಿಯ ಷರತ್ತು ಬರೆಯಲು ಕುಳಿತೆವು. ಹೊಲದ ಚೆಕ್ಕುಬಂದಿ, ಬಾವಿಯ ನೀರಿನ ಪಾಳಿ, ದಾರಿ, ಎಲ್ಲ ಬರೆದಾಯಿತು. ಪಂಚಮಿಯ ಮಾತು ಬಂದಾಗ ನಾನು ಪಟ್ಟು ಹಿಡಿದೆ. ಎಷ್ಟು ಗಂಡಸರ ಬಾಯಿಮಾತು ನೋಡಿಲ್ಲ ನಾನು! ಕೋರ್ಟಿನ ಮೆಟ್ಟಿಲಿಳಿಯುವ ಮುಂಚೆ ಮರೆಯುತ್ತಾರೆ. ಇದನ್ನೂ ಬರೆಯಿರಿ ಅಂದೆ. ಕಾಕಾ ಸ್ವಲ್ಪ ಯೋಚಿಸಿ, ಇರಲಿ ಬಿಡು ತಂಗಿ, ಇದರಿಂದ ನಮ್ಮ ಹುಡುಗನಿಗೆ ಕಳೆದುಕೊಳ್ಳುವುದೇನೂ ಇಲ್ಲ ಅಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ನಾವಿಬ್ಬರೂ ಆವತ್ತು ಜೊತೆಗೂಡಿ ಒಂದು ಸಾಲು ಹೊಸೆದೆವು. ಪ್ರತಿವಾದಿಯು ಪ್ರತಿ ವರ್ಷ ನಾಗರ ಪಂಚಮಿಯಂದು ವಾದಿಯ ಮನೆಗೆ ಖುದ್ದಾಗಿ ಬಂದು, ಕರೆದೊಯ್ದು, ಸಂಪ್ರದಾಯದಂತೆ ಉಡಿ ತುಂಬತಕ್ಕದ್ದು.

ಮಧ್ಯಸ್ಥಿಕೆಯವರು ಅದನ್ನು ಓದಿ, ಇದನ್ನು ಬರೆಯಲೇಬೇಕಾ ಎಂದು ಕೇಳಿದರು. ಬರೆಯದೆ ಬಿಟ್ಟರೆ ನಾಳೆ ನೀವು ಬರುತ್ತೀರಾ ಕರೆಯಲು ಎಂದು ನಾನು ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ಕಕ್ಷಿದಾರರಿಬ್ಬರನ್ನೂ ಕೇಳಿದರು. ತಮ್ಮನು ಕಾಕಾರ ಮುಖ ನೋಡಿದ, ಇವಳು ನನ್ನ ಮುಖ ನೋಡಿದಳು. ನಾವಿಬ್ಬರೂ ತಲೆಯಾಡಿಸಿದೆವು, ಅವರಿಬ್ಬರೂ ಸಹಿ ಮಾಡಿದರು.

ನ್ಯಾಯಾಧೀಶರು ಡಿಕ್ರಿ ಮಾಡುವಾಗ ಆ ಸಾಲಿಗೆ ಬಂದು ಮುಗುಳ್ನಕ್ಕರು. ಬಾರ್ ರೂಮಿನಲ್ಲಿ ನಮ್ಮ ಷರತ್ತು ಪ್ರಸಿದ್ಧವಾಯಿತು. ಅಕ್ಕತಂಗಿಯರ ಕೇಸು ನಡೆಸುವ ಕಿರಿಯರು ಬಂದು ಅದರ ಪ್ರತಿ ಕೇಳಿ ಒಯ್ದರು. ನಾನು ಉಬ್ಬಿದ್ದೆ. ಹೊಲ ಹಂಚುವ ಕೋರ್ಟಿನಲ್ಲಿ ತವರನ್ನು ಕೊಡಿಸಿದೆ ಅಂತ ಮನೆಯಲ್ಲೂ ಹೇಳಿಕೊಂಡು ತಿರುಗಿದೆ.

ಪಂಚಮಿ ಬಂತು. ಅವಳ ಫೋನೂ ಬಂತು. ಬಂದಾನರಿ ಅಂದಳು, ಅಷ್ಟೇ. ಖುಷಿಯಾಗಿರಬೇಕಾದ ದನಿ ಒಣಗಿತ್ತು. ಹಬ್ಬದ ಗದ್ದಲ ಇರಬಹುದು ಅಂದುಕೊಂಡೆ. ವಾರದ ಮೇಲೆ ತಾನೇ ಬಂದಳು. ಕೈಯಲ್ಲಿ ಒಂದು ಚೀಲ. ಮೇಜಿನ ಮೇಲಿಟ್ಟು ಬಾಯಿ ಬಿಚ್ಚಿ ತೋರಿಸಿದಳು. ಉಡಿಯ ಅಕ್ಕಿ, ಕೊಬ್ಬರಿ, ಕಣ, ಎಲ್ಲ ಹಾಗೇ ಇತ್ತು. ತವರಿನ ಉಡಿಯಕ್ಕಿಯಿಂದ ಬಂದ ದಿನವೇ ಏನಾದರೂ ಸಿಹಿ ಮಾಡಿ ಮನೆಮಂದಿಗೆಲ್ಲ ಬಡಿಸುವುದು ಅವಳ ರೂಢಿಯಾಗಿತ್ತು. ಈ ಬಾರಿ ಒಲೆಯ ಮೇಲಿಡಲು ಮನಸ್ಸು ಬರಲಿಲ್ಲವಂತೆ.

ನಡೆದದ್ದನ್ನು ಒಂದೊಂದಾಗಿ ಹೇಳಿದಳು. ಅವನು ಮೋಟಾರ್ ಸೈಕಲ್ಲಿನ ಮೇಲೆ ಊರವನೊಬ್ಬನನ್ನು ಹಿಂದೆ ಕೂರಿಸಿಕೊಂಡು ಬಂದ. ಒಳಗೆ ಬಾ ಅಂದರೆ ಬರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಹೊಸ್ತಿಲಲ್ಲಿ ಅಕ್ಕನ ಪಕ್ಕ ನಿಂತ, ಜೊತೆಗಾರ ಮೊಬೈಲಿನಲ್ಲಿ ಫೋಟೋ ತೆಗೆದ. ಕಾಖಂಡಕಿಯಲ್ಲಿ ಉಡಿ ತುಂಬುವಾಗ ಮತ್ತೆ ಫೋಟೋ. ಊಟಕ್ಕೆ ಬಡಿಸಿದರು, ಜೊತೆಗೆ ಯಾರೂ ಕೂರಲಿಲ್ಲ. ಬಿಸಿಲಿಳಿಯುವ ಮುಂಚೆಯೇ ತಂದು ಬಿಟ್ಟು, ಕರೆದುಕೊಂಡು ಹೋಗಿ ಉಡಿ ತುಂಬಿದ್ದು ನಿಜ ಎಂದು ಬರೆದ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಹೋದ. ಮತ್ತೆ ಉಡಿಯಲ್ಲಿ ಅಕ್ಕಿ, ಮತ್ತೆ ಕೈಯಲ್ಲಿ ಪೆನ್ನು.

“ಬರಲಿಲ್ಲ ಅಂತ ಇಷ್ಟ ವರ್ಷ ಅತ್ತೆ. ಈ ಸಲ ಬಂದಾನಂತ ಅತ್ತೀನ್ರಿ. ಹಿಂದಕ್ಕ ಕಾಳ ಹಾಕಾಕ ನಂಗ ಕೈ ಬರಲಿಲ್ಲ.” ಚೀಲದ ಬಾಯಿ ಕಟ್ಟುತ್ತ ಅಂದಳು, “ಆ ಮಾತ ತಗಸಿಬಿಡ್ರಿ ಅಕ್ಕಾರ.”

ನನಗೆ ಸಿಟ್ಟು ನೆತ್ತಿಗೇರಿತು. ಸೀದಾ ಹೋಗಿ ಕಾಕಾರನ್ನು ಹಿಡಿದೆ. ನಿಮಗೆ ಬುದ್ಧಿ ಇದೆಯೇ, ಉಡಿ ತುಂಬಿದ್ದಕ್ಕೆ ರಸೀದಿ ಬರೆಸುತ್ತೀರಾ ಎಂದು ಬಾರ್ ರೂಮಿನಲ್ಲೇ ಕೂಗಾಡಿದೆ. ಅವರು ಶಾಂತವಾಗಿ ಕೇಳಿದರು, ಷರತ್ತು ಬರೆಸಿದವರು ಯಾರು ಅಂತ. ನಾಳೆ ಅವಳಿಗೂ ಅವನಿಗೂ ಬೇರೇನೋ ಜಗಳವಾಗಿ, ಡಿಕ್ರಿಯ ಪ್ರಕಾರ ಬರಲಿಲ್ಲ ಎಂದು ನೀನು ಅದನ್ನು ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿದರೆ ನನ್ನ ಕಕ್ಷಿದಾರನ ಕೈಯಲ್ಲಿ ಪುರಾವೆ ಬೇಡವೇ ಅಂದರು. ನಾನು ಅಂಥದ್ದನ್ನು ಹಾಕುವವಳಲ್ಲ ಎಂದು ಹೇಳಲು ಬಾಯಿ ತೆರೆದೆ. ಹಾಕುವವಳೇ. ಅದಕ್ಕೆಂದೇ ಬರೆಸಿದ್ದು. ಎದುರಿನ ಕುರ್ಚಿ ಎಳೆದು ಕುಳಿತೆ. ಕಾಕಾ ಚಹಾ ತರಿಸಿದರು.

ಅವರೂ ದಣಿದಿದ್ದರು. ನಾವು ಸಾಯುವ ತನಕ ಇದನ್ನೇ ಮಾಡುತ್ತೇವೆ ತಂಗಿ, ಬರೆಯುವುದು ಬಿಟ್ಟು ಬೇರೇನೂ ಬರುವುದಿಲ್ಲ ನಮಗೆ ಅಂದರು.

ಅವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಎರಡೂ ಕಡೆಯವರು ಸೇರಿ, ಆ ಷರತ್ತು ಇಲ್ಲಿಗೆ ತೀರಿತು, ಇನ್ನು ಯಾರೂ ಅದನ್ನು ಜಾರಿಗೆ ಕೇಳುವುದಿಲ್ಲ ಎಂದು ಜಂಟಿ ಮೆಮೊ ಹಾಕಿದೆವು. ನ್ಯಾಯಾಧೀಶರು ಇವಳನ್ನು ಕರೆದು, ನಿನ್ನ ಅನುಕೂಲಕ್ಕೇ ಇದ್ದದ್ದಲ್ಲವೇ, ಯಾಕೆ ಬೇಡವಮ್ಮ ಅಂದರು. ಇವಳು ಕೈಮುಗಿದು, ಬ್ಯಾಡ್ರಿ ಸಾಹೇಬ್ರ ಅಂದಳೇ ಹೊರತು ಕಾರಣ ಹೇಳಲಿಲ್ಲ. ತಮ್ಮ ಎಲ್ಲಿ ಸಹಿ ಮಾಡಲಿ ಎಂದು ಕಾಕಾರನ್ನು ಕೇಳಿ, ತೋರಿಸಿದಲ್ಲಿ ಮಾಡಿದ. ಅಕ್ಕ ಯಾಕೆ ತೆಗೆಸುತ್ತಿದ್ದಾಳೆ ಎಂಬುದು ಅವನಿಗೆ ತಿಳಿಯಿತೋ ಇಲ್ಲವೋ. ಹೊರಗೆ ಬಂದು ಇಬ್ಬರೂ ಬೇವಿನ ಮರದ ಕೆಳಗೆ ಅಷ್ಟು ದೂರ ದೂರ ನಿಂತರು. ಬಸ್ಸಿನ ಹೊತ್ತಾಯಿತೆಂದು ಬೇರೆ ಬೇರೆ ಆಟೋ ಹತ್ತಿದರು.

ಮುಂದಿನ ಪಂಚಮಿ ಬರುವ ತನಕ ನನಗೇ ಒಂದು ಬಗೆಯ ಕಳವಳ. ಈಗ ಅವಳ ಕೈಯಲ್ಲಿ ಕಾಗದವೂ ಇಲ್ಲ. ಬಾರದೇ ಹೋದರೆ ಯಾರನ್ನೂ ಕೇಳುವಂತಿಲ್ಲ. ತವರು ಇದ್ದರೂ ಇದ್ದೀತು, ಹೋದರೆ ಈ ಸಲ ಪೂರಾ ಹೋದಂತೆಯೇ.

ಹಬ್ಬದ ದಿನ ಕೋರ್ಟಿನಲ್ಲಿ ಜನ ಕಡಿಮೆ. ನಾನು ಗಾಡಿ ನಿಲ್ಲಿಸುವಷ್ಟರಲ್ಲೇ ಅವಳ ಫೋನು. ತಲೆಸ್ನಾನ ಮಾಡಿ, ಹೊಸ ಸೀರೆ ಉಟ್ಟು ಕೂತಿದ್ದಾಳೆ. ಆದರೆ ಅವಳು ಕೇಳಿದ್ದು ಮಾತ್ರ ನಾನು ಎಣಿಸಿರದ ಮಾತು. “ಅವ ಬರತಾನೇನ್ರಿ ಅಕ್ಕಾರ? ನಿಮ್ಮ ಕಡೆ ಏನರ ಸುದ್ದಿ ಬಂದೈತೇನು?”

ತಮ್ಮ ಬರುತ್ತಾನೋ ಇಲ್ಲವೋ ಎಂದು ವಕೀಲಳನ್ನು ಕೇಳುತ್ತಿದ್ದಾಳೆ. ನೋಡುತ್ತೇನೆ ತಡಿ ಎಂದೆ, ಅದೂ ಅಭ್ಯಾಸದ ಮಾತೇ. ಕ್ಯಾಂಟೀನಿಗೆ ಹೋದರೆ ಕಾಕಾ ಒಬ್ಬರೇ ಕುಳಿತಿದ್ದರು. ಎದುರಿಗೆ ಕುಳಿತು, ನಿಮ್ಮ ಹುಡುಗ ಹೊರಟನೇ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟರು.

“ಮುಂಜಾನೆ ಫೋನ್ ಮಾಡಿದ್ದ ತಂಗಿ. ಕಲಂ ತಗದ ಮ್ಯಾಲ ಹೋಗಬಹುದೋ, ಹೋಗಬಾರದೋ ಅಂದ. ತಾನಾಗೇ ಹೋದ್ರ ಮತ್ತ ಅದನ್ನ ಕೋರ್ಟಿನ್ಯಾಗ ಹಿಡೀತಾರೇನ್ರಿ ಅಂದ.”

“ನೀವೇನಂದ್ರಿ?”

“ಏನಂತೀನಿ. ಸದ್ಯ ಸುಮ್ಮನಿರು, ಆಮ್ಯಾಲ ನೋಡೂಣು ಅಂದೆ.”

ಹೇಳಿದವರಿಗೆ ತಮ್ಮ ಮಾತು ಆಗ ತಮಗೇ ಕೇಳಿಸಿತು. ಎಷ್ಟು ವರ್ಷಗಳಿಂದ ಎಷ್ಟು ಜನರಿಗೆ ಅಂದಿದ್ದಾರೋ ಆ ಮಾತನ್ನು, ಬಾಯಿಗೆ ತಾನಾಗಿ ಬಂದಿದೆ. ಅಲ್ಲಿ ಕಾಖಂಡಕಿಯಲ್ಲಿ ಒಬ್ಬನು ವಕೀಲರ ಅಪ್ಪಣೆಯಿಲ್ಲವೆಂದು ಮನೆಯಲ್ಲಿ ಕೂತಿದ್ದಾನೆ. ಇಲ್ಲಿ ಟಿಕೋಟಾದಲ್ಲಿ ಒಬ್ಬಳು ಹೊಸ ಸೀರೆಯುಟ್ಟು ವಕೀಲಳ ಫೋನು ಕಾಯುತ್ತಿದ್ದಾಳೆ. ನನಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ನಾವು ಬರೆದ ಸಾಲನ್ನು ಕಡತದಿಂದ ತೆಗೆಸಿದ್ದೆವು. ನಾವು ಮಾತ್ರ ಅವರಿಬ್ಬರ ನಡುವೆ ಹಾಗೇ ಕೂತಿದ್ದೆವು.

ಕಾಕಾ ಗಡಬಡಿಸಿ ಫೋನು ತೆಗೆದರು, ಹೋಗು ಅಂತ ಹೇಳಿಬಿಡುತ್ತೇನೆ ಅಂದರು. ನಾನು ಅವರ ಕೈ ಹಿಡಿದೆ. ಹೇಳಬೇಡಿ ಕಾಕಾ, ನೀವು ಹೋಗು ಅಂದರೆ ಮತ್ತೆ ನಿಮ್ಮ ಮಾತಿಗೆ ಹೋಗುತ್ತಾನೆ, ಫೋಟೋ ತೆಗೆಯುವವನನ್ನೂ ಕರೆದುಕೊಂಡು ಹೋಗುತ್ತಾನೆ ಅಂದೆ. ಹೋಗಬೇಡ ಅಂದರೆ ಹೋಗುವುದಿಲ್ಲ, ಅದಂತೂ ಅಂದಾಗಿದೆ. ಮತ್ತೇನು ಮಾಡಲಿ ಅಂದರು. ನನಗೂ ಗೊತ್ತಿರಲಿಲ್ಲ. ಇಬ್ಬರು ಹಳೆಯ ವಕೀಲರು ಮೇಜಿನ ಮೇಲೆ ಫೋನಿಟ್ಟುಕೊಂಡು ಆಡಲು ಒಂದು ಮಾತಿಲ್ಲದೆ ಕುಳಿತೆವು. ಚಹಾದ ಮೇಲೆ ಕೆನೆ ಕಟ್ಟಿತು.

ಕೊನೆಗೆ ಕಾಕಾ ಫೋನು ಹಚ್ಚಿದರು. ಕಿವಿ ಮಂದವಾದ್ದರಿಂದ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು ಅವರ ರೂಢಿ, ಹಾಗಾಗಿ ನನಗೂ ಕೇಳಿಸಿತು.

“ತಮ್ಮಾ, ನಾ ಇನ್ನ ನಿನ್ನ ವಕೀಲ ಅಲ್ಲ. ಕೇಸ ಮುಗದೈತಿ. ಇಂಥಾದ್ದನ್ನ ನನ್ನ ಕೇಳಬ್ಯಾಡ.”

ಆ ಕಡೆಯಿಂದ ಅವನು ಅಂದ, “ಹಂಗಾದ್ರ ಯಾರ್ನ ಕೇಳ್ಲಿರಿ?”

ಕಾಕಾ ಫೋನು ಇಟ್ಟರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಎದ್ದು ಹೊರಗೆ ಹೋಗಿ ಅವಳಿಗೆ ಫೋನು ಮಾಡಿದೆ. ಅವನು ಬರುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲವ್ವ, ನಾನು ಇನ್ನು ನಿನ್ನ ವಕೀಲಳಲ್ಲ ಅಂದೆ. ಹ್ಞೂಂ ಅಂದು ಕೂಡಲೇ ಇಟ್ಟುಬಿಟ್ಟಳು. ಸಿಟ್ಟಾದಳೋ, ನೊಂದಳೋ ತಿಳಿಯಲಿಲ್ಲ. ಆವತ್ತು ಸಂಜೆಯೂ ಅವಳ ಫೋನು ಬರಲಿಲ್ಲ, ಮರುದಿನವೂ ಇಲ್ಲ. ಹುಬ್ಬಳ್ಳಿಯಿಂದ ನಾಗಪ್ಪನ ಚಿತ್ರ ಬಂದಿತ್ತು. ಆ ಸಲ ಯಾಕೋ ಕೈಮುಗಿದ ಚಿತ್ರ ಕಳಿಸಲು ಮನಸ್ಸಾಗದೆ ತಮ್ಮನಿಗೆ ಫೋನು ಹಚ್ಚಿದೆ. ಏನಾತ ಬೇ ಅಕ್ಕಾ, ಆರಾಮ ಅದಿ ಹೌದಲ್ಲ ಎಂದು ಗಾಬರಿಯಾದ. ಏನೂ ಇಲ್ಲಪ್ಪ ಅಂದೆ. ಇಬ್ಬರಿಗೂ ಮುಂದೆ ಏನು ಮಾತಾಡಬೇಕೋ ತೋಚಲಿಲ್ಲ.

ಗಣಪತಿ ಹಬ್ಬ ಹತ್ತಿರವಿರುವಾಗ ಅವಳು ಬಂದಳು. ಆಫೀಸಿನಲ್ಲಿ ಉಳಿದಿದ್ದ ತನ್ನ ಮೂಲ ಕಾಗದಪತ್ರ ಒಯ್ಯಲು ಬಂದಿದ್ದಳು. ಎರಡೂ ಕೈತುಂಬ ಹಸಿರು ಬಳೆ. ಕುಳಿತವಳೇ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಮುಂದೆ ನೂಕಿದಳು. ಒಳಗೆ ಶೇಂಗಾ ಉಂಡಿ.

“ತಿನ್ರಿ ಅಕ್ಕಾರ. ತವರಿಂದ ಬಂದದ್ದು.”

ಉಂಡಿ ಕೈಯಲ್ಲಿ ಹಿಡಿದುಕೊಂಡೇ ಕೇಳತೊಡಗಿದೆ. ಯಾವಾಗ ಬಂದ, ಒಬ್ಬನೇ ಬಂದನೇ, ಒಳಗೆ ಬಂದು ನೀರು ಕುಡಿದನೇ, ಏನಂದ, ನೀನೇನಂದಿ, ಹಿಂದಕ್ಕೆ ಕಾಳು ಹಾಕಿದಿಯಾ? ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುವ ಹಾಗೆ ಕೇಳುತ್ತಲೇ ಹೋದೆ. ಅವಳು ನಗುತ್ತ ಕೇಳಿಸಿಕೊಂಡಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, ಬಳೆಗಳನ್ನು ಮೇಲೇರಿಸಿಕೊಳ್ಳುತ್ತ ಮೆಲ್ಲಗೆ ಅಂದಳು.

“ಅದನ್ನ ನಿಮಗ್ಯಾಕ ಹೇಳ್ಲಿರಿ ಅಕ್ಕಾರ? ಅದು ನಮ್ಮ ಮನಿ ಮಾತು.”

ಒಂದು ಗಳಿಗೆ ನೋವಾಯಿತು, ಸುಳ್ಳು ಹೇಳುವುದಿಲ್ಲ. ಅವಳಿಗಾಗಿ ಇಷ್ಟು ಓಡಾಡಿದವಳು ನಾನು. ಆಮೇಲೆ ಎದ್ದು, ಕಪಾಟಿನಿಂದ ಅವಳ ಫೈಲು ತೆಗೆದು, ದಾರ ಬಿಚ್ಚಿ, ಅವಳ ಕಾಗದಗಳನ್ನೆಲ್ಲ ಅವಳ ಕೈಗೆ ಕೊಟ್ಟೆ.